ನಾಲ್ಕಿಂಚಿನ ಜೋಡಿ

"ನಿಮ್ಮ ಸ್ಪೀಕರಲ್ಲಿ ರಾಣಿಯ ಬಾಯಿ ಬಾಗಿಲಷ್ಟು ಅಗಲ ಇದೆ," ಅಂದ ಬಂದವನು.

ರಿಪೇರಿ ಮೇಜಿನ ಹಿಂದೆ ಕೂತು ಸ್ಪೀಕರಿನ ಹರಿದ ಕೋನಿಗೆ ಕಾಗದ ಅಂಟಿಸುತ್ತಿದ್ದವಳು ತಲೆಯೆತ್ತಿದಳು. ಸ್ಪೀಕರ್ ಅಂಗಡಿಗೆ ಬರುವ ದೂರುಗಳೆಲ್ಲ ಅವಳಿಗೆ ಬಾಯಿಪಾಠ. ಗರಗರ ಅನ್ನುತ್ತೆ, ಒಂದೇ ಕಡೆ ಬರುತ್ತೆ, ಎರಡೂ ಕಡೆ ಬರಲ್ಲ. ಬಾಯಿ ಅಗಲ ಇದೆ ಅಂತ ಈವರೆಗೆ ಯಾರೂ ಅಂದಿರಲಿಲ್ಲ.

"ಯಾವ ರಾಣಿ?"

"ನಾಟಕದ ರಾಣಿ. ನಮ್ಮ ದೊಡ್ಡಮ್ಮ ಹಳೇ ನಾಟಕದ ರೆಕಾರ್ಡಿಂಗ್ ಕೇಳ್ತಾರೆ. ರಾಣಿ ಈ ಗೋಡೆಯಿಂದ ಆ ಗೋಡೆವರೆಗೂ ಹರಡ್ಕೊಂಡು ಮಾತಾಡ್ತಾಳೆ. ಅವಳ ಮೇಲೆ ಮಂತ್ರಿ ನಿಂತಿರ್ತಾನೆ. ಮಂತ್ರಿ ಮೇಲೆ ಕುದುರೆ."

"ಕುದುರೆ ಬೇರೆ ಇದೆಯಾ?"

"ಸದ್ದು ಮಾತ್ರ."

ಅವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಆದರೆ ಎಡಗಡೆಯ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆದ್ದು ಮತ್ತೆ ಕೂತಿತು. ಅವಳು ಅದನ್ನು ನೋಡಿಬಿಟ್ಟಳು. ಹೀಗೆ ಒಳಗೊಳಗೇ ನಗುವ ಗಂಡಸರನ್ನು ಕಂಡರೆ ಅವಳಿಗೆ ಸಿಟ್ಟೂ ಬರುತ್ತಿತ್ತು, ಇನ್ನೊಮ್ಮೆ ನೋಡಬೇಕೂ ಅನ್ನಿಸುತ್ತಿತ್ತು.

ಮುಂದಿನ ಕೌಂಟರಿನಿಂದ ಅವಳ ಸೋದರಮಾವ ಧಾವಿಸಿ ಬಂದರು. ಅಂಗಡಿ ಅವರದು, ಆ ಜೋಡಿ ಸ್ಪೀಕರ್ ಮಾರಿದವರೂ ಅವರೇ. "ಹನ್ನೆರಡಿಂಚಿನ ಕೋನ್ ಸ್ವಾಮಿ! ಕೋನ್ ದೊಡ್ಡದಿದ್ದಷ್ಟೂ ನಾಟಕ ದೊಡ್ಡದಾಗಿ ಕಾಣುತ್ತೆ. ಅದಕ್ಕಿಂತ ದೊಡ್ಡದು ಬೇಕು ಅಂದ್ರೆ ಸಿನಿಮಾ ಮಂದಿರಕ್ಕೇ ಹೋಗ್ಬೇಕು."

"ಅವರ ಕೋಣೆ ಎಷ್ಟು ದೊಡ್ಡದು ಅಂತ ಕೇಳಿದ್ರಾ ಮಾವ?" ಅಂದಳು ಅವಳು.

"ಹನ್ನೊಂದು ಅಡಿ ಮೂರು ಇಂಚು, ಹದಿಮೂರು ಅಡಿ ಅರ್ಧ ಇಂಚು," ಅಂದ ಬಂದವನು ಥಟ್ಟನೆ. ಅವನು ಸರ್ವೇಯರ್. ಸೊಂಟದಲ್ಲಿ ಉಕ್ಕಿನ ಟೇಪು ನೇತಾಡುತ್ತಿತ್ತು.

"ಹನ್ನೊಂದಡಿ ಕೋಣೆಗೆ ಎರಡು ಹನ್ನೆರಡಿಂಚಾ? ಭಾನುವಾರ ಬಂದು ನೋಡ್ತೀನಿ."

ಮಾವ ಹಣೆಗೆ ಕೈ ಹಚ್ಚಿಕೊಂಡರು. "ಶುರುವಾಯ್ತು ನೋಡಿ ನಮ್ಮ ನಾಲ್ಕಿಂಚಿನ ಪುರಾಣ."

ಅವಳಿಗೆ ಅಂಗಡಿಯಲ್ಲಿ ಇದ್ದ ಹೆಸರೇ ಅದು, ನಾಲ್ಕಿಂಚು. ಸದ್ದು ಹೊರಡಿಸುವ ಕೋನಿಗೆ ಆ ಕಸುಬಿನವರು ಡ್ರೈವರ್ ಅನ್ನುತ್ತಾರೆ. ಮನೆಯ ಕೋಣೆಗೆ ನಾಲ್ಕಿಂಚಿನ ಡ್ರೈವರ್ ಸಾಕು ಅಂತ ಬಂದವರೊಡನೆಲ್ಲ ವಾದಕ್ಕೆ ನಿಲ್ಲುತ್ತಿದ್ದುದರಿಂದ ಬಂದ ಹೆಸರು. ಅವಳು ಕುಳ್ಳಿ ಅನ್ನುವುದೂ ಒಂದು ಕಾರಣ. ಆದರೆ ಅದನ್ನು ಅವಳೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

*

ಸರ್ವೇಯರನ ಮನೆ ಮೂರನೇ ಮಹಡಿಯಲ್ಲಿತ್ತು. ನಡುಕೋಣೆಯಲ್ಲಿ ಅವಳ ಎದೆಯೆತ್ತರದ ಎರಡು ಪೆಟ್ಟಿಗೆಗಳು ಪೊಲೀಸರ ಹಾಗೆ ನಿಂತಿದ್ದವು. ಎದುರಿಗೊಂದು ಕುರ್ಚಿ, ಕುರ್ಚಿಯಲ್ಲಿ ದೊಡ್ಡಮ್ಮ.

ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದವರು ಅವರು. ಮೂವತ್ತೊಂದು ವರ್ಷ ಒಂದು ನಾಟಕ ಕಂಪನಿಯಲ್ಲಿ ಪರದೆಯ ಮರೆಯಲ್ಲಿ ಕೂತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುವುದು ಅವರ ಕೆಲಸವಾಗಿತ್ತು. ಆ ಕೆಲಸದಿಂದಲೋ ಏನೋ, ಎದುರಿನವರ ಮುಖವನ್ನು ಬಿಟ್ಟು ತುಟಿಯನ್ನು ನೋಡುತ್ತ ಮಾತಾಡುತ್ತಿದ್ದರು.

"ನಾನು ಕೂರ್ತಿದ್ದಿದ್ದು ಬಲಗಡೆ ಪರದೆ ಹಿಂದೆ," ಅಂದರು. "ನಾಲ್ಕು ಬೆರಳಷ್ಟು ಸಂದು. ಅದರಲ್ಲಿ ಹತ್ತಿರ ಬಂದೋರು ಕಾಣ್ತಿದ್ರು, ಅದೂ ಅರ್ಧ ಮುಖ. ಅಷ್ಟು ವರ್ಷ ಕೆಲಸ ಮಾಡಿ ಒಂದು ನಾಟಕಾನೂ ಎದುರಿಂದ ನೋಡಿಲ್ಲ ಕಣಮ್ಮ. ಕಂಪನಿಯೋರು ರಂಗದ ಮುಂದೆ ಎರಡು ಮೈಕ್ ಇಟ್ಟು ಒಂದು ನಾಟಕ ರೆಕಾರ್ಡ್ ಮಾಡಿದ್ರು. ಅದನ್ನಾದ್ರೂ ಎದುರಿಗೆ ಕೂತು ಕೇಳೋಣ ಅಂದ್ರೆ ಎಲ್ಲರೂ ಒಂದೇ ರಾಶಿ!"

"ದೊಡ್ಡಮ್ಮನಿಗೆ ಅಂತ ಇರೋದ್ರಲ್ಲೇ ದೊಡ್ಡದು ತಂದೆ," ಅಂದ ಸರ್ವೇಯರ್ ಮೆಲ್ಲಗೆ.

ಅವನ ದನಿಯಲ್ಲಿದ್ದ ನಾಚಿಕೆ ಕೇಳಿ ನಾಲ್ಕಿಂಚಿಗೆ ಪಾಪ ಅನ್ನಿಸಿತು. ಚೀಲದಿಂದ ಟಾರ್ಚ್ ತೆಗೆದು ಅವನ ಕೈಗೆ ಕೊಟ್ಟಳು. "ಹಚ್ಚಿ. ಆ ಗೋಡೆಗೆ ಹಿಡೀರಿ. ಬೆಳಕು ಎಷ್ಟಗಲ ಬಿತ್ತು?"

"ಒಂದು ತಟ್ಟೆಯಷ್ಟು."

"ದೊಡ್ಡ ಡ್ರೈವರು ಸಣ್ಣ ಸ್ವರಗಳನ್ನ ಹೀಗೇ ಬಿಡುತ್ತೆ. ನೆಟ್ಟಗೆ ಒಂದೇ ಕಡೆ. ಆ ಗೆರೆಯಿಂದ ತಲೆ ಒಂಚೂರು ಸರಿದ್ರೆ ಮಾತಿನ ಮೊನೆ ಹೋಯ್ತು, ಬರೀ ಗುಮ್ಮೆನ್ನೋದು ಉಳೀತು. ನಮ್ಮ ಕಿವಿ ಯಾರು ಎಲ್ಲಿದ್ದಾರೆ ಅಂತ ಹಿಡಿಯೋದು ಮುಖ್ಯವಾಗಿ ಆ ಮೊನೆಯಿಂದ. ಈಗ ಬಲ್ಬ್ ಹಚ್ಚಿ. ಕೋಣೆ ತುಂಬಾ ಸಮನಾಗಿ ಬೆಳಕು ಬಂತಲ್ಲ? ಅದು ಸಣ್ಣ ಡ್ರೈವರು. ಕಣ್ಣು ಮುಚ್ಚಿದ್ರೆ ಪೆಟ್ಟಿಗೆ ಮರೆತೇಹೋಗುತ್ತೆ, ರಂಗ ಉಳಿಯುತ್ತೆ. ರಾಣಿ ಅಲ್ಲಿ, ಮಂತ್ರಿ ಇಲ್ಲಿ ಅಂತ ಬೊಟ್ಟು ಮಾಡಿ ತೋರಿಸ್ಬಹುದು."

"ಟಾರ್ಚ್ ಆರಿಸ್ಲಾ?" ಅಂದ ಅವನು. ಗೋಡೆಯ ಮೇಲಿನ ಬೆಳಕು ಯಾವಾಗಲೋ ಸರಿದು ಅವಳ ಕೈಬೆರಳುಗಳ ಮೇಲೆ ಬಂದು ನಿಂತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಆರಿಸಿ," ಅಂದಳು. ಕೈ ಮಾತ್ರ ಸರಿಸಲಿಲ್ಲ.

ಆಮೇಲೆ ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಚಹಾ ಕುಡಿದಳು. ಅವನು ಎದುರಿಗೆ ನೆಲದ ಮೇಲೆ ಕೂತು ಅವಳು ಹೇಳಿದ ಅಳತೆಗಳನ್ನೆಲ್ಲ ಬರೆದುಕೊಂಡ. ಎರಡು ಮನೆಗಳ ನಡುವಿನ ಗೋಡೆ ನಾಲ್ಕು ಬೆರಳು ಆಚೆ ಹೋಗಿದೆ ಅಂತ ಕಂಡುಹಿಡಿದು ಮೂರು ತಲೆಮಾರಿನ ಜಗಳ ಬಗೆಹರಿಸಿದ ಮನುಷ್ಯನಂತೆ ಅವನು. ಹಾಗಂತ ಹೇಳಿದವರು ದೊಡ್ಡಮ್ಮ. ಅವನಾಗಿ ಏನೂ ಹೇಳಿಕೊಳ್ಳುವ ಪೈಕಿ ಅಲ್ಲ.

ಮೆಟ್ಟಿಲಿಳಿಯುವಾಗ ನಾಲ್ಕಿಂಚಿಗೆ ಎರಡು ವಿಷಯ ಸ್ಪಷ್ಟವಾಯಿತು. ಇವನು ತನಗೆ ಇಷ್ಟವಾಗಿದ್ದಾನೆ. ಸದ್ದು ಸರಿಹೋದ ದಿನದಿಂದ ಈ ಮೆಟ್ಟಿಲು ಹತ್ತುವುದಕ್ಕೆ ತನಗೆ ನೆಪವೇ ಇರುವುದಿಲ್ಲ.

*

ಎರಡನೇ ಭಾನುವಾರ ಪುಟ್ಟ ಪೆಟ್ಟಿಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಅಂಗೈ ಅಗಲದ ಡ್ರೈವರುಗಳನ್ನು ಕಂಡು ದೊಡ್ಡಮ್ಮನ ಮುಖ ಸಪ್ಪಗಾಯಿತು. "ಇದರಲ್ಲಿ ಅರಮನೆ ಹಿಡಿಸುತ್ತಾ?"

"ಕೇಳಿ ಅಮ್ಮ, ಆಮೇಲೆ ಹೇಳಿ."

ಪುಸ್ತಕಗಳ ಮೇಲೆ ಪೆಟ್ಟಿಗೆ ಇಟ್ಟು, ಕಣ್ಣಳತೆಯಲ್ಲೇ ಕುರ್ಚಿಯ ಕಡೆ ತಿರುಗಿಸಿ, ನಾಟಕ ಹಾಕಿದರು. ಒಬ್ಬ ಕಾವಲುಗಾರ ಕೆಮ್ಮಿದ. ದೊಡ್ಡಮ್ಮನ ಬೆರಳು ತಾನಾಗಿ ಎದ್ದಿತು. "ಅಲ್ಲಿ! ಎಡಗಡೆ, ಹಿಂದೆ. ಅಲ್ಲಿ ನಿಲ್ತಿದ್ನಾ ಅವನು? ಅಯ್ಯೋ, ಮಂತ್ರಿ ಮಧ್ಯಕ್ಕೆ ಬಂದ!"

ನಾಲ್ಕಿಂಚು ಸ್ಟೂಲಿನಲ್ಲಿ ಕೂತು ಆ ಬೆರಳು ಹೋದ ಕಡೆಯೇ ನೋಡುತ್ತಿದ್ದಳು. ತಿರುಗಿ ನೋಡಿದರೆ ಸರ್ವೇಯರ್ ದೊಡ್ಡಮ್ಮನನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದೆ ಅಂತ ಗೊತ್ತಾದ ಕೂಡಲೇ ಸೀಲಿಂಗ್ ನೋಡತೊಡಗಿದ. ಆ ಸೀಲಿಂಗಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಹತ್ತು ನಿಮಿಷಕ್ಕೆ ದೊಡ್ಡಮ್ಮ ಕೈಯೆತ್ತಿ ನಿಲ್ಲಿಸಿದರು. "ಎಲ್ಲ ಇದೆ, ಹೆಜ್ಜೆ ಇಲ್ಲ. ನಮ್ಮದು ಹಲಗೆ ರಂಗ. ನಡೆದ್ರೆ ಧಡ್ ಧಡ್ ಅನ್ಬೇಕು. ಇವರೆಲ್ಲ ಗಾಳೀಲಿ ತೇಲ್ತಿದ್ದಾರೆ. ಮುಂದೆ ಸೇನಾಪತಿ ಬರ್ತಾನೆ, ಹೆಜ್ಜೆ ಇಲ್ಲದ ಸೇನಾಪತೀನ ನಾನು ರಂಗಕ್ಕೆ ಬಿಡಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಸಣ್ಣ ಕೋನು ಅಷ್ಟು ಗಾಳಿಯನ್ನು ತಳ್ಳಲಾರದು, ತಗ್ಗಿನ ಸದ್ದಿಗೆ ಅಗಲ ಬೇಕೇ ಬೇಕು. "ನಿಮ್ಮ ಹನ್ನೆರಡಿಂಚಿನಲ್ಲಿ ಒಂದನ್ನ ಮೂಲೆಗೆ ಹಾಕಿ ಬರೀ ಧಡ್ ಧಡ್ ಕೆಲಸ ಕೊಡೋಣ. ಅಷ್ಟು ತಗ್ಗಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗಲ್ಲ. ರಂಗ ಕೆಡಲ್ಲ."

"ಹಾಗಾದ್ರೆ ಇನ್ನೊಂದು ಭಾನುವಾರ ಬೇಕಾಗುತ್ತೆ," ಅಂದ ಸರ್ವೇಯರ್.

"ಬೇಕಾಗುತ್ತೆ."

"ಎರಡು?"

ಅವಳು ಅವನ ಮುಖ ನೋಡಿದಳು. ಎರಡು ಅಂದುಬಿಡಬಹುದಿತ್ತು, ನಾಲ್ಕು ಅಂದರೂ ಕೇಳುವವರಿರಲಿಲ್ಲ. "ಒಂದು ಸಾಕು," ಅಂದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. "ಪೆಟ್ಟಿಗೆಗೆ ಗಟ್ಟಿ ಸ್ಟ್ಯಾಂಡ್ ಮಾಡಿಸಿ. ಎಡ ಪೆಟ್ಟಿಗೆ, ಬಲ ಪೆಟ್ಟಿಗೆ, ಕೂತೋರ ತಲೆ, ಮೂರೂ ಒಂದಕ್ಕೊಂದು ಸಮ ದೂರದಲ್ಲಿರ್ಬೇಕು. ಡ್ರೈವರು ಕಿವಿ ಎತ್ತರಕ್ಕಿರ್ಬೇಕು. ಅಳೆಯೋದು ನಿಮ್ಮ ಕಸುಬು, ನಿಮಗೇ ಬಿಟ್ಟಿದ್ದೀನಿ."

*

ಆ ವಾರವಿಡೀ ಮಾವ ಕಾಲೆಳೆದರು. "ಏನಮ್ಮ, ಟೇಪಿನವನ ಮನೆ ಕೆಲಸ ಇನ್ನೂ ಮುಗಿದಿಲ್ವಾ? ಮದುವೆ ಮನೆ ಲೈಟಿಂಗೂ ಇಷ್ಟು ದಿನ ತಗೊಳಲ್ಲ. ಅಂತೂ ಕೊನೆಗೆ ನನ್ನ ಹನ್ನೆರಡಿಂಚೇ ಬೇಕಾಯ್ತು ನೋಡು."

"ಮೂಲೆಗೆ ಬೇಕಾಯ್ತು ಮಾವ."

ಮೂಲೆಯ ಪೆಟ್ಟಿಗೆಯ ತಂತಿಗೆ ಬೆಸುಗೆ ಹಾಕುವಾಗ ಅವಳಿಗೆ ಒಂದು ಕೆಟ್ಟ ಯೋಚನೆ ಬಂತು. ಈ ಒಂದು ಬೆಸುಗೆ ಸಡಿಲ ಬಿಟ್ಟರೆ ಹದಿನೈದು ದಿನಕ್ಕೆ ಕಿತ್ತು ಬರುತ್ತದೆ, ಫೋನ್ ಬರುತ್ತದೆ, ಮತ್ತೆ ಮೆಟ್ಟಿಲು ಹತ್ತಬಹುದು. ಆ ಯೋಚನೆಗೆ ಅವಳಿಗೇ ಮೈ ಉರಿಯಿತು. ಕೆಲಸ ಕೆಡಿಸಿ ಗಂಡಸನ್ನು ನೋಡಲು ಹೋಗುವಷ್ಟು ಗತಿಗೆಟ್ಟಿಲ್ಲ ತಾನು. ಬೆಸುಗೆಯನ್ನು ಎರಡು ಸಲ ಹಾಕಿದಳು, ಎಳೆದು ನೋಡಿದಳು.

ಕೆಲಸವನ್ನೂ ಕೆಡಿಸುವುದಿಲ್ಲ, ಅವನನ್ನೂ ಬಿಡುವುದಿಲ್ಲ. ಭಾನುವಾರ ಸದ್ದು ಸರಿಮಾಡಿ, ಚೀಲ ಹೆಗಲಿಗೇರಿಸುವ ಮೊದಲು ಅವನ ಮನಸ್ಸಲ್ಲಿ ಏನಿದೆ ಅಂತ ಕೇಳಿಯೇ ಬಿಡುತ್ತೇನೆ. ಇಲ್ಲ ಅಂದರೆ ಅಳುತ್ತೇನೆ, ಎರಡು ದಿನ. ಹಾಗಂತ ಗಟ್ಟಿ ಮನಸ್ಸು ಮಾಡಿಕೊಂಡಳು.

*

ಮೂರನೇ ಭಾನುವಾರ ಎಲ್ಲ ಜೋಡಿಸಿದ್ದಾಯಿತು. ಸರ್ವೇಯರ್ ಮಾಡಿಸಿ, ತಾನೇ ಅಳೆದು ಇಟ್ಟಿದ್ದ ಸ್ಟ್ಯಾಂಡುಗಳು ಅಲ್ಲಾಡದೆ ನಿಂತಿದ್ದವು. ದೊಡ್ಡಮ್ಮ ಕುರ್ಚಿಯಲ್ಲಿ ಕೂತರು. ಮಂತ್ರಿ ನಡೆದ ಕೂಡಲೇ ನೆಲವೇ ಧಡ್ ಧಡ್ ಅಂದಿತು.

"ಹೆಜ್ಜೆ ಬಂತು," ಅಂದರು. ಸ್ವಲ್ಪ ಹೊತ್ತು ಕೇಳಿ ಹುಬ್ಬು ಗಂಟಿಕ್ಕಿದರು. "ಆದ್ರೆ ಎಲ್ಲರೂ ಬಲಕ್ಕೆ ನುಗ್ತಿದ್ದಾರಲ್ಲ? ಕಾವಲುಗಾರನೂ ಬಲಕ್ಕೆ, ಮಂತ್ರೀನೂ ಬಲಕ್ಕೆ. ಮತ್ತೆ ನನ್ನ ಪರದೆ ಸಂದಿಗೇ ಬಂದು ತುರುಕ್ಕೊಂಡ್ರು."

ನಾಲ್ಕಿಂಚು ಪೆಟ್ಟಿಗೆಗಳ ಹತ್ತಿರ ಹೋದಳು. ತನ್ನ ಡ್ರೈವರುಗಳಲ್ಲೇ ಒಂದರ ಸದ್ದು ಕಡಿಮೆ ಇರಬಹುದೇ? ಎಡದ ಪೆಟ್ಟಿಗೆಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟಳು. ಮಂತ್ರಿ ಬಲಕ್ಕೇ ಇದ್ದ. ತಂತಿ ನೋಡಿದಳು, ಸರಿಯಾಗಿತ್ತು. ಹಾಗಾದರೆ ಬಲದ ಪೆಟ್ಟಿಗೆ ಕುರ್ಚಿಗೆ ಹತ್ತಿರವಿದೆ.

"ಟೇಪು ಕೊಡಿ," ಅಂದಳು.

"ಅದು... ನಾನು ನೋಡ್ತೀನಿ ಬಿಡಿ," ಅಂದ ಸರ್ವೇಯರ್.

"ಕೊಡಿ."

ಕುರ್ಚಿಯಿಂದ ಎಡ ಪೆಟ್ಟಿಗೆಗೂ ಬಲ ಪೆಟ್ಟಿಗೆಗೂ ದೂರದಲ್ಲಿ ಎರಡಡಿ ವ್ಯತ್ಯಾಸ! ಕೂದಲೆಳೆಯಷ್ಟೂ ತಪ್ಪದ ಮನುಷ್ಯನ ಕೈಯಲ್ಲಿ ಎರಡಡಿ. ಇವನು ಎಲ್ಲಿಗೆ ಅಳೆದಿದ್ದಾನೆ ಅಂತ ಟೇಪು ಎಳೆದುಕೊಂಡು ಎಡಕ್ಕೆ ಸರಿಯುತ್ತ ಹೋದಳು. ಎರಡೂ ಅಳತೆ ಸಮವಾಗುವ ಜಾಗ ಹುಡುಕುತ್ತ ಹುಡುಕುತ್ತ ಮೊಣಕಾಲಿಗೆ ಏನೋ ತಗುಲಿತು. ಕಿಟಕಿ ಪಕ್ಕದ ಸ್ಟೂಲು.

ಎಡದಿಂದ ಆರಡಿ ಎರಡಿಂಚು, ಬಲದಿಂದ ಆರಡಿ ಎರಡಿಂಚು. ಮೆಲ್ಲಗೆ ಸ್ಟೂಲಿನಲ್ಲಿ ಕೂತು ನೋಡಿದಳು. ಎರಡೂ ಡ್ರೈವರುಗಳು ಸರಿಯಾಗಿ ಅವಳ ಕಿವಿಯ ಎತ್ತರಕ್ಕೆ, ಅವಳ ಮುಖಕ್ಕೆ ಮುಖ ಮಾಡಿ ನಿಂತಿದ್ದವು. ಕುಳ್ಳಿಯ ಕಿವಿ ಎಷ್ಟು ಎತ್ತರದಲ್ಲಿದೆ ಅಂತ ಅಷ್ಟು ಕರಾರುವಾಕ್ಕಾಗಿ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು.

"ಅಳತೆ ತಪ್ಪಿರ್ಬೇಕು," ಅಂದ ಸರ್ವೇಯರ್ ಗೋಡೆ ನೋಡುತ್ತ. ಕಿವಿ ಕೆಂಪಾಗಿತ್ತು. "ಸರಿ ಮಾಡ್ತೀನಿ." ಬಗ್ಗಿ ಲಗುಬಗೆಯಿಂದ ಸ್ಟ್ಯಾಂಡುಗಳನ್ನು ಸರಿಸಿ ಕುರ್ಚಿಯ ಕಡೆ ತಿರುಗಿಸತೊಡಗಿದ. ಎರಡೇ ನಿಮಿಷದಲ್ಲಿ ತ್ರಿಕೋನ ಸರಿಯಾಗಿ ಕೂತಿತು.

ಅವಳಿಗೆ ರೇಗಿತು. ಬಾಯಿಬಿಡುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ಮೇಲು ಇವನಿಗೆ! ಆದರೆ ದೊಡ್ಡಮ್ಮ ಕಾಯುತ್ತಿದ್ದರು. ಅವರಿಗೆ ಮಾತು ಕೊಟ್ಟ ಕೆಲಸ ಮೊದಲು ಮುಗಿಯಲಿ, ಇವನನ್ನು ಆಮೇಲೆ ವಿಚಾರಿಸಿಕೊಂಡರಾಯಿತು ಅಂತ ನಾಟಕ ಮತ್ತೆ ಹಾಕಿದಳು.

ಈ ಸಲ ಗೋಡೆ ಮಾಯವಾಯಿತು. ಕಾವಲುಗಾರ ಎಡಕ್ಕೆ ಹೋದ, ಮಂತ್ರಿ ನಡುವಿಗೆ ಬಂದ. ದೊಡ್ಡಮ್ಮ ಕಣ್ಣು ಮುಚ್ಚಿ ನಗುತ್ತಿದ್ದರು. ಸೇನಾಪತಿಯ ಹೆಜ್ಜೆ ನಡುವಿನಿಂದ ಧಡ್ ಧಡ್ ಅಂತ ಬಲತುದಿಗೆ ಬಂದು ನಿಂತಿತು. ಗಂಭೀರವಾದ, ಬೆಚ್ಚಗಿನ ಗಂಡುದನಿ ತೀರಾ ಹತ್ತಿರದಿಂದ ಹೇಳಿತು: "ನಿನ್ನ ದನಿ ಕೇಳದ ದಿನ ನನಗೆ ದಿನವೇ ಅಲ್ಲ."

"ರಾಣಿಗೆ ಹೇಳ್ತಿರೋದು," ಅಂದರು ದೊಡ್ಡಮ್ಮ. "ನನ್ನ ಸಂದಿ ಪಕ್ಕಕ್ಕೇ ಬಂದು ಹೇಳ್ತಿದ್ದ. ರಾಣಿ ಅವನ ಪಕ್ಕ ನಿಂತಿರ್ತಿದ್ಲು, ನನಗೆ ಕಾಣ್ತಿರ್ಲಿಲ್ಲ ಅಷ್ಟೇ."

ರಾಣಿ ಉತ್ತರ ಕೊಟ್ಟಳು. ಅವಳ ದನಿ ಬಂದದ್ದು ಎಡಗಡೆಯ ತುದಿಯಿಂದ.

ದೊಡ್ಡಮ್ಮ ಕಣ್ಣು ಬಿಟ್ಟರು. "ಇನ್ನೊಂದ್ಸಲ ಹಾಕು."

ಹಾಕಿದಳು. ಸೇನಾಪತಿ ರಾಣಿಗೆ ಬೆನ್ನು ಹಾಕಿ, ಇಡೀ ರಂಗ ದಾಟಿ, ಬಲಗಡೆಯ ಪರದೆಯ ಹತ್ತಿರ ಬಂದು ಆ ಮಾತು ಹೇಳಿದ. ರಾಣಿ ದೂರದಲ್ಲಿ, ಎಡಕ್ಕೆ, ಒಬ್ಬಳೇ ಇದ್ದಳು.

"ಅವಳು ಅಲ್ಲಿದ್ದಾಳೆ," ಅಂದರು ದೊಡ್ಡಮ್ಮ ಬೆರಳು ಚಾಚಿ. "ಅವಳು ಅಲ್ಲಿದ್ರೆ ಇವನು ಯಾರಿಗೆ ಹೇಳ್ತಿದ್ದ?"

ನಾಲ್ಕಿಂಚು ನಾಟಕ ನಿಲ್ಲಿಸಿದಳು.

"ಒಂಬತ್ತು ವರ್ಷ," ಅಂದರು. "ಒಂದು ಪ್ರದರ್ಶನಾನೂ ತಪ್ಪಿಸ್ದೇ ಬಂದು ಹೇಳ್ದ. ನಾನು ಪುಸ್ತಕ ಹಿಡ್ಕೊಂಡು, ಸಾಲು ಸರಿಯಾಗಿ ಹೇಳಿದ್ನಾ ಅಂತ ನೋಡ್ತಾ ಕೂತಿದ್ದೆ! ನಾಟಕ ಮುಗಿದ್ಮೇಲೆ ಬಂದು ನಮಸ್ಕಾರ ಅಂತಿದ್ದ, ಹೋಗ್ತಿದ್ದ. ಆಮೇಲೆ ಬೇರೆ ಕಂಪನಿ ಸೇರ್ದ, ಮದುವೆ ಆದ. ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ದಾಡಿ ಆ ಮಹಾರಾಯನಿಗೆ? ನಾನೇನು ಬೇಡ ಅಂತಿದ್ನಾ?" ಸೆರಗಿನಿಂದ ಮೂಗು ಒರೆಸಿಕೊಂಡರು. ಸಿಟ್ಟಿನಲ್ಲೂ ಮುಖ ಬೆಳಗಿತ್ತು, ಕಣ್ಣಲ್ಲಿ ನೀರಿತ್ತು. "ನೀವಿಬ್ರೂ ಹೊರಗೆ ಹೋಗಿ. ನಾನು ಒಬ್ಬಳೇ ಇನ್ನೊಂದ್ಸಲ ಕೇಳ್ಬೇಕು."

*

ಮೆಟ್ಟಿಲ ಬಳಿ ಬಂದು ನಿಂತರು. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಚೀಲ ಒಳಗೇ ಉಳಿದಿತ್ತು, ನಾಲ್ಕಿಂಚು ಅದನ್ನು ಬೇಕಂತಲೇ ಬಿಟ್ಟು ಬಂದಿದ್ದಳು.

"ಕೆಲಸ ಮುಗೀತು," ಅಂದಳು.

"ಹೌದು."

"ಅಳತೆ ತಪ್ಪಿತ್ತು ಅಂದ್ರಲ್ಲ. ನಿಜ ಹೇಳಿ. ಕೈತಪ್ಪಾ, ಬೇಕಂತಲಾ?"

ಸರ್ವೇಯರ್ ಸೊಂಟದ ಟೇಪು ಮುಟ್ಟಿಕೊಂಡ. ಮುಚ್ಚಿದ ಬಾಗಿಲ ಕಡೆ ನೋಡಿದ. ಒಳಗೆ ದೊಡ್ಡಮ್ಮ ಅದೇ ಸಾಲನ್ನು ಮೂರನೇ ಸಲ ಹಾಕಿದ್ದರು. ಅವನು ತಿರುಗಿ ನೇರವಾಗಿ ಅವಳ ಮುಖ ನೋಡಿದ. ಇಷ್ಟು ದಿನದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

"ಕೈತಪ್ಪಲ್ಲ. ಬುಧವಾರ ಅಳೆಯೋಕೆ ಕೂತೆ. ಕೂತೋರ ತಲೆ ಅಂದಿದ್ರಿ. ಈ ಕೋಣೇಲಿ ಕೂತಿರೋರು ಅಂತ ನೆನೆಸ್ಕೊಂಡ್ರೆ ಕಣ್ಣ ಮುಂದೆ ನೀವೇ ಬಂದ್ರಿ. ಅಳೆದು ಮುಗಿಸಿದ್ಮೇಲೆ ಗೊತ್ತಾಯ್ತು, ಎಲ್ಲಿಗೆ ಅಳೆದಿದ್ದೀನಿ ಅಂತ. ಬದಲಾಯಿಸೋಕೆ ನಾಲ್ಕು ದಿನ ಇತ್ತು. ಮನಸ್ಸು ಬರ್ಲಿಲ್ಲ."

"ಅದಕ್ಕೆ ಏನಂತಾರೆ?"

"ನಿಮ್ಮನ್ನ ಇಷ್ಟಪಡ್ತೀನಿ ಅಂತಾರೆ."

"ಯಾರು ಅಂತಾರೆ?"

"ನಾನು," ಅಂದ. "ನಾನು ಅಂತೀನಿ. ನಂಗೆ ನೀವು ಬೇಕು. ಭಾನುವಾರ ಮಾತ್ರ ಅಲ್ಲ, ದಿನಾಲೂ ಬೇಕು."

ನಾಲ್ಕಿಂಚು ಮೆಟ್ಟಿಲಿನ ಕಂಬಿಗೆ ಒರಗಿದಳು. "ನಂಗೂ ನೀವು ಬೇಕು. ಇವತ್ತು ನೀವು ಬಾಯಿಬಿಡದಿದ್ರೆ ನಾನೇ ಹೇಳೋಳಿದ್ದೆ. ಮೊದಲು ಹೇಳಿದ್ದು ಒಳ್ಳೇದಾಯ್ತು, ನನ್ನ ಜಂಬ ಉಳೀತು."

ಅವನ ಎಡಹುಬ್ಬು ಮೇಲೆದ್ದಿತು. ಈ ಸಲ ಅದು ಕೆಳಗಿಳಿಯಲಿಲ್ಲ. ನಗು ಹುಬ್ಬಿನಿಂದ ಹೊರಟು ಕಣ್ಣಿಗೆ ಬಂದು, ಕಣ್ಣಿನಿಂದ ತುಟಿಗೆ ಇಳಿದು ಮುಖ ತುಂಬಿತು. ಇಷ್ಟು ಚಂದದ ನಗುವನ್ನು ಇವನು ಎಲ್ಲಿ ಬಚ್ಚಿಟ್ಟಿದ್ದ ಅನ್ನಿಸಿತು ಅವಳಿಗೆ.

"ನಾಳೆ ಸಂಜೆ ಅಂಗಡಿಗೆ ಬನ್ನಿ," ಅಂದಳು. "ಮಾವನ ಹತ್ರ ಮಾತಾಡ್ಬೇಕು. ನಾನೇ ಮಾತಾಡ್ತೀನಿ. ನೀವು ಸುಮ್ನೆ ಪಕ್ಕದಲ್ಲಿ ನಿಂತ್ರೆ ಸಾಕು."

"ಪಕ್ಕದಲ್ಲಿ ಅಂದ್ರೆ ಎಷ್ಟು ದೂರ?"

ಅವಳು ಅವನ ಕೈ ಹಿಡಿದು ಎಳೆದು ತನ್ನ ಭುಜಕ್ಕೆ ತಾಗುವಂತೆ ನಿಲ್ಲಿಸಿಕೊಂಡಳು. "ಇಷ್ಟು."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಕೆಳಗಿನ ಮಹಡಿಯಿಂದ ಯಾರೋ ತರಕಾರಿ ಚೀಲ ಹಿಡಿದು ಹತ್ತಿ ಬಂದರು, ಇಬ್ಬರನ್ನೂ ನೋಡಿದರು, ಪಕ್ಕಕ್ಕೆ ಸರಿದು ಮೇಲೆ ಹೋದರು. ಅವರು ಹೋದ ಮೇಲೂ ಇಬ್ಬರೂ ಹಾಗೇ ನಿಂತಿದ್ದರು.

"ಮಾತು ಮುಗಿದಿದ್ರೆ ಒಳಗೆ ಬನ್ರಪ್ಪಾ," ಅಂತ ಒಳಗಿನಿಂದ ಕೂಗು ಬಂತು. "ಮೂರನೇ ಅಂಕ ಶುರುವಾಗ್ತಿದೆ."

"ಇನ್ನೂ ಮುಗಿದಿಲ್ಲ, ದೊಡ್ಡಮ್ಮಾ," ಅಂತ ಕೂಗಿ ಹೇಳಿದಳು ನಾಲ್ಕಿಂಚು.